ಅಲೀಪುರದಿಂದ ಕಡಲಿಗೆ, ಟೆಂಟು ಹೊತ್ತು

ಗೌರಿಬಿದನೂರು, ಅಲೀಪುರದ ನಮ್ಮ ಕಡೆಯವರು ಕಡಲು ನೋಡಲು ಹೊರಟರೆ ಮೊದಲು ಬೆಂಗಳೂರಿನ ಕಡೆಗೆ ಗಾಡಿ ತಿರುಗಿಸುತ್ತಾರೆ. ದೊಡ್ಡಬಳ್ಳಾಪುರ, ಯಲಹಂಕ, ಗೊರಗುಂಟೆಪಾಳ್ಯ, ನೆಲಮಂಗಲ ಅಂತ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಕುಣಿಗಲ್ ದಾಟುವ ಹೊತ್ತಿಗೆ ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡಿಕೊಂಡು ಸುಸ್ತಾಗಿರುತ್ತವೆ. ಆದರೆ ಕಡಲಿನ ದಾರಿ ನಮ್ಮ ಮನೆ ಬಾಗಿಲಲ್ಲೇ ಇದೆ. ಗೌರಿಬಿದನೂರಿನ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 69, ಆಂಧ್ರದ ಚಿತ್ತೂರಿನ ಕಡೆಯಿಂದ ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಹಾದು ಬರುತ್ತದೆ. ನಮ್ಮನ್ನು ದಾಟಿ ಮಧುಗಿರಿ, ಶಿರಾ, ಹುಳಿಯಾರು, ಬಾಣಾವರ, ಕಡೂರು, ಶಿವಮೊಗ್ಗ, ಸಾಗರಗಳ ಮೇಲೆ ಹೋಗಿ ಹೊನ್ನಾವರದಲ್ಲಿ ಮುಗಿಯುತ್ತದೆ. ಹಳಬರಿಗೆ ಈ ರಸ್ತೆ 234 ಎಂದೇ ನೆನಪು. ಆಗ ಅದು ತಮಿಳುನಾಡಿನ ವಿಲ್ಲುಪುರದಿಂದ ಹೊರಟು ನಮ್ಮೂರುಗಳ ಮೇಲೆ ಬಾಣಾವರಕ್ಕೆ, ಅಲ್ಲಿಂದ ಬೇಲೂರು, ಮೂಡಿಗೆರೆ, ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತಿತ್ತು. ಬಾಣಾವರದಿಂದಾಚೆಯ ಆ ತುಂಡಿಗೆ ಈಗ 73 ಎಂದು ಹೆಸರು.

ಹೀಗಾಗಿ ಬಾಣಾವರವೇ ನಮ್ಮ ಕವಲು. ಅಲ್ಲಿ ಎಡಕ್ಕೆ ಹೊರಳಿ ಚಾರ್ಮಾಡಿ ಇಳಿಯುವುದು, ಕರಾವಳಿಯ 66ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗುವುದು, ಹೊನ್ನಾವರದಲ್ಲಿ ಮತ್ತೆ ನಮ್ಮದೇ 69 ಸಿಕ್ಕಾಗ ಗೇರುಸೊಪ್ಪೆ ಹತ್ತಿ, ಜೋಗ ನೋಡಿಕೊಂಡು ಅದೇ ಬಾಣಾವರಕ್ಕೆ ಬರುವುದು. ಒಟ್ಟು ಸುಮಾರು 1,000 ಕಿ.ಮೀ.; ಅಲ್ಲಿ ಇಲ್ಲಿ ಹೊಕ್ಕಿದ್ದು ಸೇರಿದರೆ 1,100. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ಎಪ್ಪತ್ತು ಚಿಲ್ಲರೆ ಲೀಟರ್ ಪೆಟ್ರೋಲು. ಬೆಂಗಳೂರಿನ ಮುಖ ನೋಡಬೇಕಾಗಿಲ್ಲ. ಅಲೀಪುರದಲ್ಲಿ ಹರಳಿನ ವ್ಯಾಪಾರ ಮಾಡುವ ನನ್ನ ಗೆಳೆಯನೊಬ್ಬ ಕಲ್ಲು ಹುಡುಕಿಕೊಂಡು ಜೈಪುರ, ಬ್ಯಾಂಕಾಕ್ ಎಲ್ಲ ಸುತ್ತಿದ್ದಾನೆ. ಈ ದಾರಿ ತೋರಿಸಿದಾಗ ಅವನು ಹೇಳಿದ್ದು ಇಷ್ಟೇ: "ಭಾಯ್, ದಿನಾ ಓಡಾಡೋ ರೋಡು, ಎಲ್ಲಿಗೆ ಹೋಗುತ್ತೆ ಅಂತ ಒಂದಿನಾನೂ ಕೇಳ್ಲಿಲ್ಲವಲ್ಲ ನಾವು."

ಯಾವಾಗ ಹೊರಡಬೇಕು? ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ. ಮೊಹರಂ ಈಗ ಮಳೆಗಾಲದಲ್ಲಿ ಬರುತ್ತಿದೆ. ಹೊರಗೆ ನೆಲೆಸಿರುವವರೂ ಊರಿಗೆ ಬರುವ ಕಾಲ ಅದು, ಆಗ ಅಲೀಪುರದವರು ಯಾರೂ ಪ್ರವಾಸದ ಮಾತೆತ್ತುವುದಿಲ್ಲ. ಮಳೆಗಾಲಕ್ಕೆ ಘಟ್ಟವೂ ಒಲ್ಲೆನ್ನುತ್ತದೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ತಿಂಗಳುಗಟ್ಟಲೆ ಬಂದ್ ಆಗಿತ್ತು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ 66ನೇ ಹೆದ್ದಾರಿಯ ಮೇಲೆ ಬಂದು ಜೀವಗಳು ಹೋದವು. (ಬೈಂದೂರಿನ ಬಳಿ ಟೋಲ್ ಇರುವ ಶಿರೂರು ಬೇರೆ. ನಕ್ಷೆಯಲ್ಲಿ ಹೆಸರು ಒತ್ತುವಾಗ ನೋಡಿಕೊಳ್ಳಿ.) ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬೇಡವೇ ಬೇಡ, ಜಾಗವೂ ಸಿಗುವುದಿಲ್ಲ, ನಿದ್ದೆಯೂ ಸಿಗುವುದಿಲ್ಲ. ಮಾರ್ಚ್ ನಂತರ ಕರಾವಳಿಯ ಸೆಕೆಯಲ್ಲಿ ಟೆಂಟಿನೊಳಗೆ ಮಲಗುವುದೆಂದರೆ ಇಡ್ಲಿ ಪಾತ್ರೆಯೊಳಗೆ ಮಲಗಿದಂತೆ. ನವೆಂಬರಿಗೆ ಒಂದು ಕೊರತೆಯಿದೆ: ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೊರಗಿರುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಜೋಗದ ನೀರು ಮಳೆಯನ್ನೂ ವಿದ್ಯುತ್ತಿನ ಲೆಕ್ಕವನ್ನೂ ನಂಬಿಕೊಂಡಿದೆ. ನಾನು ಒಣಗಿದ ರಸ್ತೆಯನ್ನೇ ಆರಿಸಿಕೊಳ್ಳುತ್ತೇನೆ. ತುಂಬಿದ ಜೋಗ ನೋಡಲು ಸೆಪ್ಟೆಂಬರಿನಲ್ಲಿ ರೈಲಿನಲ್ಲಿ ಇನ್ನೊಮ್ಮೆ ಹೋದರಾಯಿತು.

ಮೊದಲು ನಾಲ್ಕು ರಾತ್ರಿ ಗುರುತು ಹಾಕಿ

ನಕ್ಷೆ ಹರಡಿಕೊಂಡು ಕೂತಾಗ ನೋಡುವ ಜಾಗಗಳನ್ನು ಪಕ್ಕಕ್ಕಿಡಿ. ಐದು ದಿನದ ಪ್ರವಾಸದಲ್ಲಿ ನಾಲ್ಕು ರಾತ್ರಿ ಎಲ್ಲಿ ಮಲಗುತ್ತೀರಿ ಎನ್ನುವುದು ಮೊದಲು ತೀರ್ಮಾನವಾಗಬೇಕು. ಚೆನ್ನಾಗಿ ಕಂಡ ಕಡೆ ಗಾಡಿ ನಿಲ್ಲಿಸಿ ಟೆಂಟು ಹೊಡೆಯುವುದು ವಿಡಿಯೋಗಳಲ್ಲಿ ಸುಲಭ. ನಮ್ಮ ಘಟ್ಟದಲ್ಲಿ ರಸ್ತೆಯ ಎರಡೂ ಕಡೆ ಹೆಚ್ಚಿನ ಪಾಲು ಮೀಸಲು ಅರಣ್ಯ ಅಥವಾ ಅಭಯಾರಣ್ಯ. ಅನುಮತಿಯಿಲ್ಲದೆ ಒಳಹೊಕ್ಕರೆ, ಬೆಂಕಿ ಹಾಕಿದರೆ, 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳ ಕೈಗೆ ಸಿಕ್ಕಿಬೀಳುತ್ತೀರಿ. ಗೇರುಸೊಪ್ಪೆಯಿಂದ ಜೋಗದವರೆಗಿನ ರಸ್ತೆ ಸಿಂಗಳೀಕಗಳ ಅಭಯಾರಣ್ಯದೊಳಗೇ ಹೋಗುತ್ತದೆ, ಅಲ್ಲಿ ರಾತ್ರಿ ತಂಗುವ ಯೋಚನೆಯೇ ಬೇಡ. ಹಾಗಾದರೆ ಟೆಂಟು ಎಲ್ಲಿ? ಯಾರದ್ದಾದರೂ ಅಂಗಳದಲ್ಲಿ, ತೋಟದಲ್ಲಿ, ಕೇಳಿಕೊಂಡು. ಹೋಂಸ್ಟೇಗಳಿಗೆ ಮೊದಲೇ ಫೋನ್ ಮಾಡಿ "ರೂಮು ಬೇಡ, ಟೆಂಟಿಗೆ ಜಾಗ, ಬಚ್ಚಲು, ಬೆಳಗ್ಗೆ ತಿಂಡಿ ಸಾಕು" ಅಂದರೆ ಎಷ್ಟೋ ಜನ ಒಪ್ಪುತ್ತಾರೆ. ಇಲ್ಲದಿದ್ದರೆ ಸರ್ಕಾರದ ಜಂಗಲ್ ಲಾಡ್ಜಸ್‌ನ ಶಿಬಿರಗಳಿವೆ. ಜೋಗದ ಹತ್ತಿರ ತಳಕಳಲೆ ಹಿನ್ನೀರಿನ ಮೇಲೆ ಶರಾವತಿ ಸಾಹಸ ಶಿಬಿರ, ಹೆಬ್ರಿಯ ಕಡೆ ಸೀತಾನದಿ ಶಿಬಿರ. ದುಬಾರಿ, ಆದರೆ ಬೆಟ್ಟದ ಚಾರಣಕ್ಕೆ ಹೊಸಬರನ್ನು ಕಟ್ಟಿಕೊಂಡು ಹೋಗುವವರಿಗೆ ಆ ದುಡ್ಡು ದಂಡವಲ್ಲ. ಚಾರಣ ಮಾಡುವುದಿದ್ದರೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಚೆಯೇ ಟಿಕೆಟ್ ತೆಗೆಯಬೇಕು. ನಮ್ಮ ಸ್ಕಂದಗಿರಿಗೆ ಹೋಗಿಬಂದವರಿಗೆ ಇದು ಹೊಸ ವಿಷಯವಲ್ಲ.

ಟೆಂಟು ಕೊಂಡ ತಕ್ಷಣ ಘಟ್ಟಕ್ಕೆ ಹೊರಡಬೇಡಿ. ಒಂದು ರಾತ್ರಿ ಮನೆಯ ತಾರಸಿಯ ಮೇಲೋ ಪರಿಚಯದವರ ದ್ರಾಕ್ಷಿ ತೋಟದ ಪಕ್ಕದಲ್ಲೋ ಹಾಕಿ ಮಲಗಿ. ಡಿಸೆಂಬರಿನ ನಮ್ಮ ಚಳಿ ಮಲೆನಾಡಿಗಿಂತ ಏನೂ ಕಡಿಮೆಯಿಲ್ಲ. ಕಂಬಳಿ ಎಷ್ಟು ಬೇಕು, ಯಾರು ಗೊರಕೆ ಹೊಡೆಯುತ್ತಾರೆ, ನಾಲ್ಕು ಜನರ ಟೆಂಟು ಅಂತ ಅಂಗಡಿಯವನು ಕೊಟ್ಟದ್ದರಲ್ಲಿ ನಿಜವಾಗಿ ಮೂವರೂ ಕಾಲು ಚಾಚಲಾರರು ಎನ್ನುವುದೆಲ್ಲ ಅಲ್ಲೇ ತಿಳಿಯುತ್ತದೆ. ಬೆಳಗ್ಗೆ ಒಳಗಿನ ಬಟ್ಟೆ ಒದ್ದೆಯಾಗಿದ್ದರೆ ಇಬ್ಬನಿಯನ್ನು ಬೈಯಬೇಡಿ. ನಿಮ್ಮ ಉಸಿರಿನ ಹಬೆಯೇ ತಣ್ಣಗಿನ ಬಟ್ಟೆಗೆ ತಾಗಿ ನೀರಾಗಿರುತ್ತದೆ. ಮೇಲಿನ ಕಿಟಕಿಯ ಜಿಪ್ಪು ಸ್ವಲ್ಪ ತೆರೆದಿಟ್ಟು ಮಲಗಿದರೆ ಮುಕ್ಕಾಲು ಪಾಲು ನೀಗುತ್ತದೆ.

ಅಲೀಪುರದವರ ಜೊತೆ ಹೋದಾಗ ನಾನು ಕಲಿತ ಒಂದು ವಿಷಯ ಯಾವ ಕ್ಯಾಂಪಿಂಗ್ ಪುಸ್ತಕದಲ್ಲೂ ಕಂಡಿಲ್ಲ. ಆ ಊರಿನಲ್ಲಿ ಹುಟ್ಟಿನಿಂದ ಕಿವಿ ಕೇಳದವರು ಹಲವರಿದ್ದಾರೆ. ಅವರಿಗೂ ಕೇಳುವವರಿಗೂ ನಡುವೆ ಬೆಳೆದಿರುವ ಅಲೀಪುರದ ಕೈಸನ್ನೆಯ ಭಾಷೆಯನ್ನು ಭಾಷಾವಿಜ್ಞಾನಿಗಳು ಬಂದು ಅಭ್ಯಾಸ ಮಾಡಿದ್ದಾರೆ. ನಮ್ಮ ಐವರಲ್ಲಿ ಇಬ್ಬರು ಅಂಥವರು. ಕತ್ತಲಾದ ಮೇಲೆ ಹಣೆಗೆ ಕಟ್ಟುವ ದೀಪ ಹಾಕಿಕೊಂಡರೆ ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ಮಾತಾಡುವ ಕೈ ಮಾತ್ರ ನೆರಳಿನಲ್ಲಿರುತ್ತದೆ. ಹಾಗಾಗಿ ನಡುವೆ ಒಂದು ಲಾಟೀನು, ಎದೆಯ ಎತ್ತರಕ್ಕೆ, ಎಲ್ಲರ ಕೈ ಬೆಳಗುವ ಹಾಗೆ. ಮಲಗುವಾಗ ಟೆಂಟಿನಿಂದ ಟೆಂಟಿಗೆ ಒಂದು ಹಗ್ಗ ಕಟ್ಟಿಕೊಂಡೆವು. ಎಳೆದರೆ ಎದ್ದು ಬಾ ಎಂದರ್ಥ. ರಾತ್ರಿ ಎರಡು ಗಂಟೆಗೆ ಆ ಹಗ್ಗ ಕೆಲಸಕ್ಕೆ ಬಂದ ಕಥೆ ಮುಂದಿದೆ. ಕಾರಿನಲ್ಲೂ ಅಷ್ಟೇ. ಹಿಂದಿನ ಸೀಟಿನವರ ಕೈ ಕಾಣಲೆಂದು ಡ್ರೈವರು ಹಿಂದೆ ತಿರುಗುವ ಅಭ್ಯಾಸ ಘಟ್ಟದಲ್ಲಿ ಜೀವಕ್ಕೆ ಬರುತ್ತದೆ, ಅವನ ಪಕ್ಕದಲ್ಲಿ ಕೂತವನೇ ದುಭಾಷಿಯಾಗಬೇಕು.

ಇಳಿಯುವ ದಾರಿ

ಮೊದಲ ದಿನ ಬೆಳಗ್ಗೆ 5 ಗಂಟೆಗೆ ಹೊರಟರೆ ಮಧುಗಿರಿಯ ಏಕಶಿಲೆಯ ಬೆಟ್ಟದ ಮೇಲೆ ಬಿಸಿಲು ಬೀಳುವುದನ್ನು ರಸ್ತೆಯಿಂದಲೇ ನೋಡಬಹುದು. ಶಿರಾದಲ್ಲಿ ತಿಂಡಿ. ಅಲ್ಲಿಂದ ಹುಳಿಯಾರಿನವರೆಗೆ ಬುಕ್ಕಾಪಟ್ಟಣದ ಕುರುಚಲು ಕಾಡು. ಚಿಂಕಾರಗಳಿಗಾಗಿಯೇ ಅಲ್ಲಿ ಅಭಯಾರಣ್ಯ ಮಾಡಿದ್ದಾರೆ, ರಸ್ತೆಯಲ್ಲಿ ಹೋಗುವವರಿಗೆ ಅವು ಕಾಣುವುದು ಅದೃಷ್ಟ. ಬಾಣಾವರದಲ್ಲಿ ಎಡಕ್ಕೆ ಹೊರಳಿ ಜಾವಗಲ್ ದಾಟಿದರೆ ಹಳೇಬೀಡು, ಬೇಲೂರು. ಎರಡೂ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಒಂದೇ ದಿನ ಎರಡನ್ನೂ ನೋಡಿದರೆ ಎರಡೂ ತಲೆಯಲ್ಲಿ ಕಲಸಿಹೋಗುತ್ತವೆ, ಒಂದನ್ನು ಆರಿಸಿಕೊಳ್ಳಿ. ನಾಲ್ಕು ಗಂಟೆಗೆ ಮೂಡಿಗೆರೆಯಲ್ಲಿರಬೇಕು. ಇದರಲ್ಲಿ ಮಾತ್ರ ರಿಯಾಯಿತಿ ಬೇಡ. ಟೆಂಟು ಹೊಡೆಯುವ ಕೆಲಸಕ್ಕೆ ಬೆಳಕು ಬೇಕು.

ಮೂಡಿಗೆರೆಯಲ್ಲಿ ನವೆಂಬರ್–ಡಿಸೆಂಬರ್ ಎಂದರೆ ಕಾಫಿ ಕೊಯ್ಲು ಶುರುವಾಗುವ ಕಾಲ. ತೋಟದವರು ನಮಗೆ ಹೇಳಿದ ಮೊದಲ ಮಾತೇ, "ಕಣದ ಮೇಲೆ ಮಾತ್ರ ಹಾಕ್ಬೇಡಿ, ಕಾಫಿ ಒಣಗಿಸ್ತಿದೀವಿ" ಎಂದು. ಸಿಮೆಂಟಿನ ಸಮತಟ್ಟಾದ ಕಣ ಕಂಡರೆ ಎಲ್ಲರಿಗೂ ಆಸೆ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಈ ವಾರ ಆನೆ ಬಂದಿತ್ತಾ? ಬೇಲೂರು, ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಕಾಡಾನೆ ಮನುಷ್ಯರನ್ನು ಕೊಂದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬಂದಿತ್ತು ಎಂದರೆ ಟೆಂಟಿನ ಆಸೆ ಬಿಟ್ಟು ಅವರ ಜಗುಲಿಯ ಮೇಲೆ ಚಾಪೆ ಹಾಸಿ. ಬಾಳೆಹಣ್ಣು, ಹಲಸು ಯಾವುದನ್ನೂ ಟೆಂಟಿನೊಳಗೆ ಇಟ್ಟುಕೊಳ್ಳಬೇಡಿ. ಮಳೆ ಬಿದ್ದಿದ್ದರೆ ಇಂಬಳ ಕಾಲಿಗೆ ಹತ್ತುತ್ತವೆ. ಎಳೆದು ಕೀಳದೆ ಉಪ್ಪು ಹಾಕಿದರೆ ತಾವೇ ಬಿಡುತ್ತವೆ.

ಚಾರ್ಮಾಡಿ ಎರಡನೆಯ ದಿನ ಬೆಳಗ್ಗೆ, ಮಂಜು ಸ್ವಲ್ಪ ಕರಗಿದ ಮೇಲೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ತೇಜಸ್ವಿಯವರ ಓದುಗರಾದರೆ ಅಲ್ಲೇ ಇರುವ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನಕ್ಕೂ ಒಂದು ಗಂಟೆ ಕೊಡಿ. ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬುದು ಲಾರಿ ಡ್ರೈವರುಗಳ ಲೆಕ್ಕ. ಎರಡನೆಯ ಅಥವಾ ಮೂರನೆಯ ಗೇರು ಹಾಕಿ ಇಂಜಿನ್ನೇ ಗಾಡಿ ತಡೆಯುವಂತೆ ಬಿಡಿ. ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಬಂದರೆ ಅದು ಕಾದು, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಹಿಡಿಯುವುದೇ ಇಲ್ಲ. ಹತ್ತುವ ಗಾಡಿಗೆ ದಾರಿ ಬಿಡುವುದು ಇಳಿಯುವವನ ಧರ್ಮ. ಘಟ್ಟದಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ತುರ್ತಿಗೆ 112, ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಈ ಎರಡು ನಂಬರನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಕೆಳಗಿಳಿದ ಮೇಲೆ ಎಲ್ಲರೂ ಮಂಗಳೂರಿಗೆ ಓಡುತ್ತಾರೆ. ಟೆಂಟಿನವರಿಗೆ ಅಲ್ಲಿ ಕೆಲಸವಿಲ್ಲ. ಉಜಿರೆ ದಾಟಿ ಗುರುವಾಯನಕೆರೆಯಲ್ಲಿ ಬಲಕ್ಕೆ ಹೋದರೆ ಕಾರ್ಕಳ, ಅಲ್ಲಿ 1432ರ ಗೊಮ್ಮಟ, ಮುಂದೆ ಉಡುಪಿ. ಅಲ್ಲಿಂದ 66. ದಾರಿಯಲ್ಲಿ ಸಾಸ್ತಾನ, ಶಿರೂರು ಟೋಲ್‌ಗಳಿವೆ. 2025ರ ಆಗಸ್ಟಿನಲ್ಲಿ 3,000 ರೂಪಾಯಿಗೆ ಶುರುವಾದ ವಾರ್ಷಿಕ ಫಾಸ್ಟ್ಯಾಗ್ ಪಾಸು ಇದೊಂದೇ ಪ್ರವಾಸಕ್ಕೆ ಲಾಭವಲ್ಲ, ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳನ್ನು ಆಗಾಗ ದಾಟುವ ವ್ಯಾಪಾರಿಗಳಿಗೆ ಗಿಟ್ಟುತ್ತದೆ.

ಮರಳು ಮೊಳೆ ಹಿಡಿಯುವುದಿಲ್ಲ

ಕುಂದಾಪುರ ದಾಟಿದ ಮೇಲೆ ಮರವಂತೆ. ರಸ್ತೆಯ ಒಂದು ಪಕ್ಕ ಸೌಪರ್ಣಿಕಾ ನದಿ, ಇನ್ನೊಂದು ಪಕ್ಕ ಕಡಲು. ಫೋಟೋ ತೆಗೆಯಿರಿ, ಹೆದ್ದಾರಿಯ ನಡುವೆ ನಿಂತಲ್ಲ. ಮಲಗುವ ಜಾಗ ಅದರ ಆಸುಪಾಸಿನ ಯಾರದ್ದಾದರೂ ತೆಂಗಿನ ತೋಟ. ನಾವು ಕೇಳಿದಾಗ ತೋಟದ ಅಜ್ಜ, "ಜಾಗ ಉಂಟು ಮಾರಾಯ್ರೆ, ತೆಂಗಿನ ಮರದ ಬುಡದಲ್ಲಿ ಮಾತ್ರ ಬೇಡ" ಅಂದರು. ಬಯಲುಸೀಮೆಯವರಾದ ನಮಗೆ ಆ ನೆರಳೇ ಚೆಂದ ಕಂಡಿತ್ತು. ರಾತ್ರಿ ಒಂದು ಕಾಯಿ ಬಿದ್ದ ಸದ್ದು ಕೇಳಿದ ಮೇಲೆ ಅಜ್ಜನ ಮಾತಿನ ತೂಕ ತಿಳಿಯಿತು.

ಅದಕ್ಕೂ ಹಿಂದಿನ ವರ್ಷ, ಮೊದಲ ಸಲ ಹೋದಾಗ, ಪಂಚಾಯಿತಿಯವರನ್ನು ಕೇಳಿ ದಂಡೆಯ ಮೇಲೇ ಟೆಂಟು ಹಾಕಿದ್ದೆವು. ಟೆಂಟಿನ ಜೊತೆ ಬಂದ ಗೇಣುದ್ದದ ತಂತಿ ಮೊಳೆಗಳನ್ನು ಮರಳಿಗೆ ಚುಚ್ಚಿ, ಕೆಲಸ ಮುಗಿಯಿತು ಅಂತ ಮೀನು ಹುರಿದು ತಿಂದು ಮಲಗಿದೆವು. ಎರಡು ಗಂಟೆಗೆ ಗಾಳಿ ಎದ್ದು ಒಂದು ಮೂಲೆ ಕಿತ್ತಿತು, ಆಮೇಲೆ ಇನ್ನೊಂದು. ಪಕ್ಕದ ಟೆಂಟಿನ ಇಬ್ಬರಿಗೆ ನಾವು ಕೂಗಿದ್ದು ಕೇಳುವುದಿಲ್ಲ, ಹಗ್ಗ ಎಳೆದೆ. ಇಬ್ಬರೂ ದೀಪ ಹಿಡಿದು ಹೊರಬಂದು, ಹಾರುತ್ತಿದ್ದ ಬಟ್ಟೆಯ ಮೇಲೆ ಬಿದ್ದು ಹಿಡಿದುಕೊಂಡರು. ಬೆಳಗ್ಗೆ ಬಲೆ ಎಳೆಯಲು ಬಂದ ಮೀನುಗಾರರು ನೋಡಿ ನಕ್ಕು ಉಪಾಯ ಹೇಳಿಕೊಟ್ಟರು. ಖಾಲಿ ಅಕ್ಕಿಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿ, ಟೆಂಟಿನ ಹಗ್ಗವನ್ನು ಅದಕ್ಕೆ ಬಿಗಿದು, ಮೊಣಕಾಲುದ್ದ ಗುಂಡಿ ತೋಡಿ ಹೂಳುವುದು. ಹೊರುವ ಭಾರವಿಲ್ಲ, ಮರಳು ಅಲ್ಲೇ ಇದೆ. ನಾಲ್ಕು ಮೂಲೆಗೆ ನಾಲ್ಕು ಚೀಲ, ಗಾಳಿಯ ದಿಕ್ಕಿಗೆ ಇನ್ನೆರಡು. ಅಂದಿನಿಂದ ನನ್ನ ಡಿಕ್ಕಿಯಲ್ಲಿ ಆರು ಖಾಲಿ ಚೀಲ ಇದ್ದೇ ಇರುತ್ತವೆ.

ದಂಡೆಯ ಮೇಲೆ ಟೆಂಟಿನ ಜಾಗ ಆರಿಸುವಾಗ ನೀರಿನ ಅಂಚನ್ನು ನೋಡಬೇಡಿ, ಒಣಗಿದ ಕಸದ ಗೆರೆಯನ್ನು ನೋಡಿ. ಹಿಂದಿನ ಭರತ ಎಲ್ಲಿಯವರೆಗೆ ಬಂದಿತ್ತು ಎಂದು ಕಡ್ಡಿ, ಪಾಚಿ, ಚಿಪ್ಪುಗಳ ಆ ಗೆರೆ ಹೇಳುತ್ತದೆ. ಭರತ ದಿನಕ್ಕೆ ಎರಡು ಸಲ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಇನ್ನೂ ಮೇಲೆ ಬರುತ್ತದೆ. ಗೆರೆಯಿಂದ ಸಾಕಷ್ಟು ಮೇಲೆ ಹೋಗಿ. ಹೊನ್ನಾವರದ ಪಕ್ಕದ ಕಾಸರಕೋಡಿನ ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಅಂಥ ದಂಡೆಗೆ ಹಗಲು ಹೋಗಿ ಬನ್ನಿ, ಟೆಂಟಿನ ಮಾತು ಬೇಡ. ಅಲ್ಲೇ ಟೊಂಕದ ಕಡೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ಬೆಳಕನ್ನು ನಂಬಿ ನೀರಿಗೆ ಹೋಗುವ ಜೀವಿಗಳು, ನಿಮ್ಮ ದೀಪ ಕಂಡರೆ ದಿಕ್ಕು ತಪ್ಪುತ್ತವೆ.

ಈಜಿನ ಬಗ್ಗೆ ನಮ್ಮ ಜಿಲ್ಲೆಯವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 2024ರ ಡಿಸೆಂಬರಿನಲ್ಲಿ ನಮ್ಮದೇ 69ರ ಆ ತುದಿಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸ ಹೋಗಿದ್ದ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಹೋದರು. ಕೆರೆಯಲ್ಲಿ, ಕೃಷಿಹೊಂಡದಲ್ಲಿ ಕಲಿತ ಈಜು ಕಡಲಿನಲ್ಲಿ ನಡೆಯುವುದಿಲ್ಲ. ಅಲೆ ದಂಡೆಗೆ ತಂದ ನೀರು ಯಾವುದೋ ಒಂದು ಕಾಲುವೆಯಂಥ ಜಾಗದಲ್ಲಿ ರಭಸದಿಂದ ವಾಪಸು ಹೋಗುತ್ತಿರುತ್ತದೆ. ಸುತ್ತ ಅಲೆ ಮುರಿಯುತ್ತಿರುವಾಗ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಬಣ್ಣ ಕದಡಿದಂತೆ ಕಂಡರೆ ಅದೇ ಆ ಜಾಗ. ಸಿಕ್ಕಿಕೊಂಡರೆ ದಂಡೆಯ ಕಡೆ ಎದುರೀಜು ಬೇಡ, ಸುಸ್ತಾಗಿ ಮುಳುಗುತ್ತೀರಿ. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತ ತಪ್ಪಿಸಿಕೊಂಡು ಆಮೇಲೆ ಒಳಗೆ ಬರಬೇಕು. ಜೀವರಕ್ಷಕರು ಇಲ್ಲದ ಕಡೆ ಮೊಣಕಾಲಿನ ನೀರೇ ಸಾಕು.

ಊಟಕ್ಕೆ ಈ ದಾರಿಯಲ್ಲಿ ಬರವಿಲ್ಲ. ಹಲಾಲ್ ನೋಡುವವರು ಭಟ್ಕಳವನ್ನು ಮಧ್ಯಾಹ್ನಕ್ಕೆ ಹೊಂದಿಸಿಕೊಳ್ಳಿ, ನವಾಯತರ ಬಿರಿಯಾನಿಗೆ ಅಷ್ಟು ದೂರ ಹೋದದ್ದು ಸಾರ್ಥಕ. ಆದರೆ ಬೆಳಗಿನ ಜಾವ ಹೋಟೆಲು ತೆರೆಯುವ ಮುನ್ನ ಹೊರಡುವ ದಿನಗಳಿಗೆ ನಮ್ಮ ರಾಗಿ ಹುರಿಹಿಟ್ಟಿನಂಥ ಕ್ಯಾಂಪಿಂಗ್ ಆಹಾರ ಇನ್ನೊಂದಿಲ್ಲ. ಬೆಲ್ಲ, ಬಿಸಿನೀರು, ಕಲಸಿದರೆ ಆಯಿತು. 5 ಕೆ.ಜಿ.ಯ ಪುಟ್ಟ ಸಿಲಿಂಡರ್, ಒಂದು ಬರ್ನರ್ ಸಾಕು. ಟೆಂಟಿನೊಳಗೆ ಮಾತ್ರ ಒಲೆ ಹಚ್ಚಕೂಡದು. ಬೆಂಕಿಗಿಂತ ಹೆಚ್ಚಾಗಿ ಹೊಗೆಯ ವಿಷಾನಿಲ ಕೊಲ್ಲುತ್ತದೆ.

ಹತ್ತುವ ದಾರಿ

ಹೊನ್ನಾವರದಲ್ಲಿ 69 ಎಂಬ ಕಲ್ಲು ಮತ್ತೆ ಕಂಡಾಗ ಕಾರಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದ್ದುಂಟು. ಕಿವಿ ಕೇಳದ ಇಬ್ಬರು ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರು, ಅದು ಅವರ ಚಪ್ಪಾಳೆ. ಇಲ್ಲೇ ಟ್ಯಾಂಕು ತುಂಬಿಸಿ. ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಹೊಳೆಯಾಚೆ ಕಾಡಿನೊಳಗೆ ಇದೆ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ರಾಜ್ಯದ ಊರದು. ಆಮೇಲೆ ಘಟ್ಟ, ಜೋಗ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನಲ್ಲಿ ನೆಲದ ಮೇಲೆ ಮಲಗುವವರು ಮಂಗನ ಕಾಯಿಲೆಯ ಬಗ್ಗೆ ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗುಗಳ ಕಡಿತದಿಂದ ಬರುತ್ತದೆ. 2019ರಲ್ಲಿ ಜೋಗದಿಂದ ದೂರವೇನಲ್ಲದ ಅರಳಗೋಡಿನಲ್ಲಿ ಸಾವುಗಳಾದವು. ಜನವರಿಯಿಂದ ಮೇವರೆಗೆ ಹೆಚ್ಚು. ನವೆಂಬರಿನಲ್ಲಿ ಹೊರಡಿ ಎಂದಿದ್ದಕ್ಕೆ ಇದೂ ಒಂದು ಕಾರಣ. ಹಾಗಿದ್ದರೂ ತರಗೆಲೆಯ ಮೇಲೆ ಕೂರಬೇಡಿ, ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುವ ಡೇಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ, ಸಂಜೆ ಬಿಸಿನೀರಿನ ಸ್ನಾನ ಮಾಡಿ ಮೈಯೆಲ್ಲ ತಡವಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ಹೇಳಿ. ಊರಿಗೆ ಬಂದ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು, "ಸಾಗರದ ಕಾಡಿಗೆ ಹೋಗಿದ್ದೆ" ಎಂಬುದು. ಗೌರಿಬಿದನೂರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯಬೇಕೆಂದಿಲ್ಲ.

ಕೊನೆಯ ದಿನ ಉದ್ದದ್ದು: ಜೋಗದಿಂದ ಅಲೀಪುರಕ್ಕೆ ಸುಮಾರು 390 ಕಿ.ಮೀ. ಇಬ್ಬರು ಡ್ರೈವರಿದ್ದರೆ ಸಲೀಸು. ಒಬ್ಬರೇ ಆದರೆ ಶಿವಮೊಗ್ಗದಲ್ಲೋ ಕಡೂರಿನಲ್ಲೋ ಒಂದು ರಾತ್ರಿ ಲಾಡ್ಜು ಹಿಡಿಯಿರಿ, ನಾಚಿಕೆ ಬೇಡ. ಬಾಣಾವರ ಬಂದಾಗ ವೃತ್ತ ಮುಚ್ಚಿತು. ಅಲ್ಲಿಂದ ಮುಂದೆ ನೋಡಿದ ದಾರಿಯೇ.

ಮನೆಗೆ ಬಂದ ಮರುದಿನ ಎರಡು ಕೆಲಸ ಮರೆಯಬೇಡಿ. ಕಾರಿನ ಅಡಿಯನ್ನು ನೀರಿನ ಪೈಪು ಹಿಡಿದು ತೊಳೆಸಿ, ಉಪ್ಪುಗಾಳಿಯ ತುಕ್ಕು ಹಿಡಿಯಲು ಶುರುವಾಗುವುದು ಅಲ್ಲಿಂದಲೇ. ಟೆಂಟನ್ನು ಒದ್ದೆಯಾಗಿ ಮಡಚಿಡದೆ ತಾರಸಿಯ ಮೇಲೆ ಬಿಚ್ಚಿ ಒಣಗಿಸಿ. ಜಿಪ್ಪುಗಳನ್ನು ಸಿಹಿನೀರಿನಲ್ಲಿ ತೊಳೆಯಿರಿ, ಮರಳು ಕೂತರೆ ಹಲ್ಲು ಸವೆದು ಮುಂದಿನ ಸಲ ಅರ್ಧಕ್ಕೆ ನಿಲ್ಲುತ್ತವೆ. ನಮ್ಮ ಟೆಂಟು ಹೀಗೆ ಒಣಗುತ್ತಿದ್ದಾಗ ಪಕ್ಕದ ಮನೆಯ ಹುಡುಗ ಒಳಗೆ ಹೊಕ್ಕು, ಮೂಲೆಯಲ್ಲಿ ಉಳಿದಿದ್ದ ಒಂದು ಹಿಡಿ ಮರಳನ್ನು ಜೇಬಿಗೆ ತುಂಬಿಕೊಂಡು ಓಡಿದ.